ಕುಸುಮ ರೋಗದವರು ಕಟ್ಟಿದ ಸಂಸ್ಥೆ: ಮಾಂಟ್ರಿಯಲ್‌ನಿಂದ ದಾವಣಗೆರೆಯವರೆಗೆ

ವೈದ್ಯಕೀಯ ಸಂಸ್ಥೆಗಳ ಚರಿತ್ರೆ ಬರೆಯಲು ಕೂತರೆ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಒಬ್ಬ ದಾನಿ ಇರುತ್ತಾರೆ, ಇಲ್ಲವೇ ಹೆಸರಾಂತ ವೈದ್ಯರೊಬ್ಬರು ಇರುತ್ತಾರೆ. ಹಿಮೋಫಿಲಿಯಾ ಸಂಸ್ಥೆಗಳ ಚರಿತ್ರೆಯ ಮೊದಲ ಪುಟದಲ್ಲಿ ಇರುವುದು ರೋಗಿ. ಕೆನಡಾದಲ್ಲಿ ಫ್ರ್ಯಾಂಕ್ ಶ್ನಾಬೆಲ್, ದೆಹಲಿಯಲ್ಲಿ ಅಶೋಕ್ ಬಹಾದೂರ್ ವರ್ಮಾ, ನಮ್ಮ ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿ. ಮೂವರೂ ಈ ತೊಂದರೆಯನ್ನು ಹುಟ್ಟಿನಿಂದಲೇ ಹೊತ್ತು ಬಂದವರು. ತಮ್ಮ ಮಂಡಿಯ ನೋವನ್ನು ತಾವು ಬಲ್ಲವರಾದ್ದರಿಂದಲೇ ಇನ್ನೊಬ್ಬರ ಮನೆಯ ಮಗುವಿನ ಮಂಡಿ ಯಾಕೆ ಊದಿದೆ ಎಂದು ಕೇಳುವುದು ಅವರಿಗೆ ಸಾಧ್ಯವಾಯಿತು. ಏಪ್ರಿಲ್ 17ರ ವಿಶ್ವ ಹಿಮೋಫಿಲಿಯಾ ದಿನದ ಈ ಸಂಚಿಕೆಯಲ್ಲಿ ಆ ಚರಿತ್ರೆಯನ್ನು ಒಂದೆಡೆ ಹೇಳಿಡುವುದು ನನ್ನ ಉದ್ದೇಶ.

ಕನ್ನಡದಲ್ಲಿ ಕುಸುಮ ರೋಗ ಎಂದು ಕರೆಯುವ ಈ ತೊಂದರೆ ಏನೆಂಬುದನ್ನು ಮೊದಲು ಹೇಳಿಬಿಡಬೇಕು. ರಕ್ತ ಹೆಪ್ಪುಗಟ್ಟಲು ಹಲವು ಪ್ರೋಟೀನುಗಳು ಒಂದರ ನಂತರ ಒಂದು ಕೆಲಸ ಮಾಡಬೇಕು, ಇವನ್ನು ಫ್ಯಾಕ್ಟರುಗಳೆನ್ನುತ್ತಾರೆ. ಎಂಟನೆಯ ಫ್ಯಾಕ್ಟರ್ ಕೊರತೆಯಿದ್ದರೆ ಅದು ಹಿಮೋಫಿಲಿಯಾ ಎ, ಒಂಬತ್ತನೆಯದು ಕೊರತೆಯಿದ್ದರೆ ಹಿಮೋಫಿಲಿಯಾ ಬಿ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬನಿಗೆ ಎ ಬಗೆ ಬರುತ್ತದೆ. ಬಿ ಬಗೆ ಅದಕ್ಕಿಂತ ಬಹಳ ಅಪರೂಪ. ಗಾಯವಾದರೆ ಇವರ ರಕ್ತ ಬೇರೆಯವರಿಗಿಂತ ರಭಸವಾಗಿ ಹರಿಯುತ್ತದೆ ಎಂದು ತಿಳಿದವರು ಬಹಳ. ಹಾಗೇನಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ, ಅಷ್ಟೆ. ದೊಡ್ಡ ಸಂಕಟ ಹೊರಗೆ ಕಾಣುವ ಗಾಯದಿಂದ ಬರುವುದೂ ಅಲ್ಲ. ಫ್ಯಾಕ್ಟರ್ ಪ್ರಮಾಣ ಶೇಕಡ 1ಕ್ಕಿಂತ ಕಡಿಮೆ ಇರುವ ಮಕ್ಕಳಲ್ಲಿ ಬೀಳದೆ, ಪೆಟ್ಟಾಗದೆ, ಮಂಡಿ, ಪಾದದ ಗಿಣ್ಣು, ಮೊಣಕೈ ಕೀಲುಗಳ ಒಳಗೇ ರಕ್ತ ಸೋರುತ್ತದೆ. ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ಸೋರಿದಾಗ ಮೂಳೆಯ ತುದಿಯ ಮೃದ್ವಸ್ಥಿ ಸವೆದು, ಹತ್ತು ಹನ್ನೆರಡನೆಯ ವಯಸ್ಸಿಗೇ ಕಾಲು ಮಡಿಚಿಕೊಂಡು ನಿಂತುಬಿಡುತ್ತದೆ. ಮಿದುಳಿನಲ್ಲಿ ಸೋರಿದರೆ ಪ್ರಾಣಕ್ಕೇ ಅಪಾಯ.

ಯುರೋಪಿನ ಪುಸ್ತಕಗಳಲ್ಲಿ ಇದಕ್ಕೆ ರಾಜಮನೆತನದ ರೋಗವೆಂಬ ಹೆಸರು. ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿ ಬಿದ್ದು ಸತ್ತದ್ದು, ರಷ್ಯಾದ ಯುವರಾಜ ಅಲೆಕ್ಸಿ ಇದರಿಂದಲೇ ನರಳಿದ್ದು ಎಲ್ಲರೂ ಓದಿದ ಕತೆ. ಆ ಕತೆಗಳಿಂದ ರೋಗದ ಹೆಸರು ಊರೂರಿಗೆ ತಲುಪಿತು, ರೋಗಿಗಳಿಗೆ ಅದರಿಂದ ಏನೂ ದಕ್ಕಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅರಮನೆಯ ಕಾಯಿಲೆ ಹೊಲದಲ್ಲಿ ಕೂಲಿ ಮಾಡುವವರ ಮಗನಿಗೆ ಬಂದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಶ್ನಾಬೆಲ್ ಮಾಂಟ್ರಿಯಲ್‌ನ ವ್ಯಾಪಾರಸ್ಥ. ತೀವ್ರ ಹಿಮೋಫಿಲಿಯಾ ಇದ್ದವರು. ಅವರ ಕಾಲದಲ್ಲಿ ಚಿಕಿತ್ಸೆ ಎಂದರೆ ಇಡೀ ರಕ್ತ ಏರಿಸುವುದು, ಇಲ್ಲವೇ ಪ್ಲಾಸ್ಮಾ ಏರಿಸುವುದು. ಒಂದು ಕೀಲಿನ ಸೋರಿಕೆ ನಿಲ್ಲಿಸಲು ಬೇಕಾದಷ್ಟು ಫ್ಯಾಕ್ಟರ್ ಪ್ಲಾಸ್ಮಾದಲ್ಲಿ ಸಿಗಬೇಕಾದರೆ ಲೀಟರುಗಟ್ಟಲೆ ಏರಿಸಬೇಕು. ಅಷ್ಟು ದ್ರವವನ್ನು ಹೃದಯ ತಾಳುವುದಿಲ್ಲ. ತೀವ್ರ ಬಗೆಯ ರೋಗಿಗಳಲ್ಲಿ ಇಪ್ಪತ್ತರ ಹರೆಯ ದಾಟುವವರೇ ಕಡಿಮೆ. ಅಂಥ ದಿನಗಳಲ್ಲಿ, 1953ರಲ್ಲಿ, ಅವರು ಕೆನಡಾದ ಹಿಮೋಫಿಲಿಯಾ ಸೊಸೈಟಿ ಆರಂಭಿಸಿದರು. ಹತ್ತು ವರ್ಷದ ಮೇಲೆ, 1963ರ ಜೂನ್‌ನಲ್ಲಿ, ಕೋಪನ್‌ಹೇಗನ್‌ನಲ್ಲಿ ಬೇರೆ ಬೇರೆ ದೇಶಗಳ ಪ್ರತಿನಿಧಿಗಳನ್ನು ಸೇರಿಸಿ ವಿಶ್ವ ಹಿಮೋಫಿಲಿಯಾ ಒಕ್ಕೂಟ ಸ್ಥಾಪಿಸಿದರು. ಅದರ ಕಚೇರಿ ಇವತ್ತಿಗೂ ಮಾಂಟ್ರಿಯಲ್‌ನಲ್ಲಿದೆ. ಏಪ್ರಿಲ್ 17 ಶ್ನಾಬೆಲ್ ಹುಟ್ಟಿದ ದಿನ. 1989ರಿಂದ ಅದೇ ವಿಶ್ವ ಹಿಮೋಫಿಲಿಯಾ ದಿನ.

ಒಕ್ಕೂಟ ಹುಟ್ಟಿದ ಹೊತ್ತಿಗೇ ಚಿಕಿತ್ಸೆಯೂ ಮಗ್ಗುಲು ಬದಲಿಸಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೂಡಿತ್ ಪೂಲ್ ಎಂಬ ವಿಜ್ಞಾನಿ, ಶೀತದಲ್ಲಿಟ್ಟು ಗಟ್ಟಿಯಾಗಿಸಿದ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಗಷ್ಟಿನಲ್ಲಿ ಎಂಟನೆಯ ಫ್ಯಾಕ್ಟರ್ ಧಾರಾಳವಾಗಿರುತ್ತದೆಂದು 1964ರಲ್ಲಿ ಕಂಡುಕೊಂಡರು. ಇದೇ ಕ್ರಯೋಪ್ರೆಸಿಪಿಟೇಟ್, ನಮ್ಮ ರಕ್ತನಿಧಿಗಳಲ್ಲಿ ಎಲ್ಲರೂ ‘ಕ್ರಯೋ’ ಎನ್ನುವುದು ಇದಕ್ಕೇ. ದೊಡ್ಡ ಕಾರ್ಖಾನೆ ಬೇಡ, ಶೀತಲ ಯಂತ್ರವಿರುವ ರಕ್ತನಿಧಿ ಸಾಕು ಎನ್ನುವುದು ಇದರ ದೊಡ್ಡ ಗುಣ. ಭಾರತದಂಥ ದೇಶಗಳಲ್ಲಿ ಎಷ್ಟೋ ವರ್ಷ ಮಕ್ಕಳ ಜೀವ ಉಳಿಸಿದ್ದು ಈ ಕ್ರಯೋ. ಅದರ ನಂತರ ಬಂದದ್ದು ಪುಡಿಯ ರೂಪದ ಫ್ಯಾಕ್ಟರ್. ಪುಟ್ಟ ಶೀಶೆಯಲ್ಲಿರುವ ಪುಡಿಯನ್ನು ನೀರಿನಲ್ಲಿ ಬೆರೆಸಿ ರಕ್ತನಾಳಕ್ಕೆ ಚುಚ್ಚಿದರೆ ಸೋರಿಕೆ ನಿಲ್ಲುತ್ತದೆ. ಮನೆಯಲ್ಲೇ ಇಟ್ಟುಕೊಂಡು, ತಾವೇ ಚುಚ್ಚಿಕೊಂಡು, ಶಾಲೆಗೆ, ಕೆಲಸಕ್ಕೆ ಹೋಗಬಹುದು ಎಂಬ ಸ್ಥಿತಿ ಶ್ರೀಮಂತ ದೇಶಗಳಲ್ಲಿ ಬಂತು.

ಆ ಶೀಶೆಯೊಳಗೇ ಸಾವೂ ಇತ್ತು. ಒಂದೊಂದು ಬ್ಯಾಚ್ ಫ್ಯಾಕ್ಟರ್ ತಯಾರಿಸಲು ಸಾವಿರಾರು ಜನರ ಪ್ಲಾಸ್ಮಾವನ್ನು ಒಟ್ಟುಗೂಡಿಸುತ್ತಿದ್ದರು. ಅದರಲ್ಲಿ ಒಬ್ಬರಿಗೆ ಸೋಂಕಿದ್ದರೂ ಇಡೀ ಬ್ಯಾಚ್ ಸೋಂಕಿನದು. 1982ರ ಜುಲೈನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಮೂವರು ಹಿಮೋಫಿಲಿಯಾ ರೋಗಿಗಳಿಗೆ ಆಗ ತಾನೇ ಕಾಣಿಸಿಕೊಂಡಿದ್ದ ಹೊಸ ಕಾಯಿಲೆ ಬಂದಿದೆಯೆಂದು ವರದಿ ಮಾಡಿತು. ಆಮೇಲೆ ಅದಕ್ಕೆ ಏಡ್ಸ್ ಎಂಬ ಹೆಸರು ಬಂತು. 1983ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ವಿಶ್ವ ಒಕ್ಕೂಟದ ಸಭೆ, ಚಿಕಿತ್ಸೆಯ ಕ್ರಮ ಬದಲಿಸುವಷ್ಟು ಪುರಾವೆ ಸದ್ಯಕ್ಕಿಲ್ಲ ಎಂದು ನಿರ್ಣಯಿಸಿತು. ಸ್ಮರಣ ಸಂಚಿಕೆಗಳಲ್ಲಿ ಇಂಥದ್ದನ್ನು ಬಿಟ್ಟುಬಿಡುವ ರೂಢಿಯಿದೆ. ಬಿಡಬಾರದು ಎಂಬುದು ನನ್ನ ನಿಲುವು. ರೋಗಿಗಳೇ ಕಟ್ಟಿದ ಸಂಸ್ಥೆ, ರೋಗಿಗಳ ಪ್ರಾಣಕ್ಕೆ ಕುತ್ತು ಬಂದ ಹೊತ್ತಿನಲ್ಲಿ, ಔಷಧಿ ನಿಂತುಹೋದೀತೆಂಬ ಭಯಕ್ಕೆ ಮಣಿಯಿತು. ಅಮೆರಿಕದ ಹಿಮೋಫಿಲಿಯಾ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಎಚ್‌ಐವಿ ತಗುಲಿತು. ಶ್ನಾಬೆಲ್ ಕೂಡ 1987ರಲ್ಲಿ ಇದಕ್ಕೇ ಬಲಿಯಾದರು.

ಈ ಸಾಲಿನಲ್ಲಿ ಇನ್ನೊಬ್ಬರನ್ನು ನೆನೆಯಲೇಬೇಕು. ಹಿಮೋಫಿಲಿಯಾ ಬಿ ಬಗೆಗೆ ಕ್ರಿಸ್ಮಸ್ ಕಾಯಿಲೆ ಎಂಬ ಹೆಸರಿದೆ. ಹಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಟೀಫನ್ ಕ್ರಿಸ್ಮಸ್ ಎಂಬ ಹುಡುಗನ ರಕ್ತದಲ್ಲಿ ಕೊರತೆಯಿರುವುದು ಒಂಬತ್ತನೆಯ ಫ್ಯಾಕ್ಟರ್ ಎಂದು ಆಕ್ಸ್‌ಫರ್ಡ್‌ನ ರೋಸ್‌ಮೇರಿ ಬಿಗ್ಸ್ ಮತ್ತು ಸಂಗಡಿಗರು 1952ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಗ ಅವನಿಗೆ ಐದು ವರ್ಷ. ಟೊರಾಂಟೋದಲ್ಲಿ ಬೆಳೆದ ಸ್ಟೀಫನ್ ದೊಡ್ಡವರಾದ ಮೇಲೆ ಕೆನಡಾದ ಹಿಮೋಫಿಲಿಯಾ ಸೊಸೈಟಿಯಲ್ಲಿ ದುಡಿದರು. ರಕ್ತದಿಂದಲೇ ಅವರಿಗೂ ಎಚ್‌ಐವಿ ಬಂತು. ಸುರಕ್ಷಿತ ರಕ್ತಕ್ಕಾಗಿ ದನಿಯೆತ್ತುತ್ತಲೇ ಇದ್ದು 1993ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಕೆನಡಾ ಸರ್ಕಾರ ನ್ಯಾಯಮೂರ್ತಿ ಕ್ರೆವರ್ ಆಯೋಗ ನೇಮಿಸಿತು. 1997ರಲ್ಲಿ ವರದಿ ಬಂತು. ಆ ದೇಶದ ರಕ್ತ ಸಂಗ್ರಹದ ವ್ಯವಸ್ಥೆಯೇ ಮರುವರ್ಷ ಬದಲಾಯಿತು. ಬ್ರಿಟನ್ನಿನ ಸಂತ್ರಸ್ತರಿಗೆ ವಿಚಾರಣಾ ವರದಿ ಕೈಗೆ ಸಿಕ್ಕಿದ್ದು 2024ರ ಮೇ ತಿಂಗಳಲ್ಲಿ.

ಈ ಪೆಟ್ಟಿನಿಂದ ವಿಶ್ವ ಒಕ್ಕೂಟ ಕಲಿತದ್ದು ಅದರ ಮುಂದಿನ ನಡೆಯಲ್ಲಿ ಕಾಣುತ್ತದೆ. ಬಿಸಿ ಮಾಡಿ ವೈರಸ್ ಕೊಂದ ಫ್ಯಾಕ್ಟರ್ ಬಂತು, 1992ರ ಕೊನೆಗೆ ಮನುಷ್ಯರ ರಕ್ತವಿಲ್ಲದೆ ಜೀವಕೋಶಗಳಲ್ಲಿ ತಯಾರಾದ ಫ್ಯಾಕ್ಟರ್ ಬಂತು. ಸುರಕ್ಷತೆಯ ಪ್ರಶ್ನೆ ಬಂದಾಗ ರೋಗಿಗಳ ಪ್ರತಿನಿಧಿ ಮೇಜಿನ ಮುಂದೆ ಕೂತಿರಬೇಕೆಂಬುದು ನಿಯಮವಾಯಿತು. 1994ರಿಂದ 2004ರವರೆಗೆ ಒಕ್ಕೂಟದ ಅಧ್ಯಕ್ಷರಾಗಿದ್ದವರು ಐರ್ಲೆಂಡಿನ ಬ್ರಯನ್ ಓಮಹೋನಿ, ಸ್ವತಃ ಹಿಮೋಫಿಲಿಯಾ ಇದ್ದವರು. ಬಡ ದೇಶಗಳಿಗೆ ಫ್ಯಾಕ್ಟರ್ ದಾನ ತಲುಪಿಸುವ ಕಾರ್ಯಕ್ರಮ 1996ರಲ್ಲಿ ಶುರುವಾಗಿ, 2015ರಿಂದ ಬಹಳ ವಿಸ್ತಾರವಾಯಿತು. ಭಾರತದ ಎಷ್ಟೋ ಮಕ್ಕಳಿಗೆ ಈ ದಾನದ ಶೀಶೆಗಳು ಸಿಕ್ಕಿವೆ.

ಭಾರತದ ಕತೆ 1983ರಲ್ಲಿ ಆರಂಭ. ಅಶೋಕ್ ಬಹಾದೂರ್ ವರ್ಮಾ ಹಿಮೋಫಿಲಿಯಾ ಫೆಡರೇಶನ್ (ಇಂಡಿಯಾ) ಸ್ಥಾಪಿಸಿದರು. ಆಗ ಫ್ಯಾಕ್ಟರ್ ಹೊರದೇಶದಿಂದ ಬರಬೇಕು. ಬೆಲೆ ಕೇಳಿದರೆ ಮಧ್ಯಮ ವರ್ಗದವರೂ ಹಿಂದೆ ಸರಿಯಬೇಕು. ಫೆಡರೇಶನ್ ತಾನೇ ತರಿಸಿ, ಸದಸ್ಯರಿಗೆ ಕಡಿಮೆ ಬೆಲೆಗೆ ಕೊಡುವ ವ್ಯವಸ್ಥೆ ಮಾಡಿತು. ಊರೂರಲ್ಲಿ ಶಾಖೆಗಳು ಹುಟ್ಟಿದವು. ಇವತ್ತು ಅವುಗಳ ಸಂಖ್ಯೆ ಎಂಬತ್ತಕ್ಕೂ ಹೆಚ್ಚು. ಶಾಖೆಯೆಂದರೆ ದೊಡ್ಡ ಕಚೇರಿಯೇನಲ್ಲ. ಬಹುಪಾಲು ಕಡೆ ಒಬ್ಬ ತಂದೆ, ಒಬ್ಬ ತಾಯಿ, ಒಬ್ಬ ಮನಸ್ಸಿರುವ ವೈದ್ಯರು, ಒಂದು ನೋಂದಣಿ ಪುಸ್ತಕ, ಒಂದು ಫ್ರಿಜ್ಜು. ಯಾರ ಮಗನಿಗೆ ಯಾವ ರಾತ್ರಿ ಸೋರಿಕೆ ಶುರುವಾದರೂ ಆ ಫ್ರಿಜ್ಜಿನ ಬಾಗಿಲು ತೆರೆಯಬೇಕು. ನನ್ನ ಮಟ್ಟಿಗೆ ಈ ಸಂಸ್ಥೆಯ ನಿಜವಾದ ಇತಿಹಾಸ ಅಡಗಿರುವುದು ಅಂಥ ಮನೆಗಳಲ್ಲಿ.

ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಈ ಸರಣಿಯಲ್ಲಿ ವಿಶಿಷ್ಟವಾದದ್ದು. ಡಾ. ಹನಗವಾಡಿ ಹಿಮೋಫಿಲಿಯಾ ಜೊತೆಗೇ ವೈದ್ಯಶಿಕ್ಷಣ ಮುಗಿಸಿ, ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದವರು. ಸೂಜಿಯ ಎರಡೂ ತುದಿಯನ್ನು ಬಲ್ಲವರು ಎನ್ನಬಹುದು. ಬೆಂಗಳೂರಿನಂಥ ಮಹಾನಗರದ ಆಚೆ, ಮಧ್ಯ ಕರ್ನಾಟಕದ ಊರೊಂದರಲ್ಲಿ ಇಂಥ ಸೊಸೈಟಿ ನೆಲೆಯೂರಿದ್ದರಿಂದ, ರಾಜಧಾನಿಗೆ ಹೋಗಿಬರಲು ದಿನಗೂಲಿ ಕಳೆದುಕೊಳ್ಳಲಾರದ ಕುಟುಂಬಗಳಿಗೂ ಹಿಮೋಫಿಲಿಯಾ ಬಲ್ಲವರು ಹತ್ತಿರದಲ್ಲೇ ಸಿಕ್ಕರು.

ಜಾಗೃತಿ ಎಂಬ ಮಾತು ಈಗ ಮೆರವಣಿಗೆ, ಬ್ಯಾನರು, ಭಾಷಣಗಳಿಗೆ ಸೀಮಿತವಾಗಿಬಿಟ್ಟಿದೆ. ಹಿಮೋಫಿಲಿಯಾ ಸಂಘಗಳಲ್ಲಿ ಅದರ ಅರ್ಥ ತೀರ ನಿರ್ದಿಷ್ಟ. ಮಗುವಿನ ಮಂಡಿ ಊದಿದಾಗ ಹಳ್ಳಿಯಲ್ಲಿ ಮೊದಲು ಆಗುವುದು ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು. ಕೆಲವೆಡೆ ಬರೆ ಹಾಕುವುದೂ ಉಂಟು. ತಿಕ್ಕಿದಷ್ಟೂ ಸೋರಿಕೆ ಹೆಚ್ಚುತ್ತದೆ. ಕಾಲನ್ನು ಅಲುಗಿಸದೆ ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಆದಷ್ಟು ಬೇಗ ಫ್ಯಾಕ್ಟರ್ ಕೊಡಬೇಕು. ಸೊಂಟಕ್ಕೆ, ತೋಳಿಗೆ ಸ್ನಾಯುವಿನೊಳಗೆ ಇಂಜೆಕ್ಷನ್ ಕೊಡಬಾರದು. ಕೊಟ್ಟರೆ ಸ್ನಾಯುವಿನಲ್ಲೇ ರಕ್ತ ತುಂಬಿ ನರ ಒತ್ತಿಹೋಗುತ್ತದೆ. ನೋವಿಗೆಂದು ಆಸ್ಪಿರಿನ್ ಕೊಡಬಾರದು. ಹಲ್ಲು ಕೀಳಿಸುವ ಮುಂಚೆ, ಕಿವಿ ಚುಚ್ಚಿಸುವ ಮುಂಚೆ, ಸುನ್ನತ್‌ಗೆ ಮುಂಚೆ ವೈದ್ಯರಿಗೆ ತಿಳಿಸಬೇಕು. ಇವಿಷ್ಟನ್ನು ಆಶಾ ಕಾರ್ಯಕರ್ತೆಗೆ, ಶಾಲೆಯ ಮೇಷ್ಟ್ರಿಗೆ, ತಾಲ್ಲೂಕು ಆಸ್ಪತ್ರೆಯ ನರ್ಸಮ್ಮನಿಗೆ, ಔಷಧಿ ಅಂಗಡಿಯವನಿಗೆ ಹೇಳಿ ಮನದಟ್ಟು ಮಾಡಿಸಿದರೆ ಅದೇ ಜಾಗೃತಿ. ಇದನ್ನು ಭಾಷಣಕಾರರಿಗಿಂತ ಚೆನ್ನಾಗಿ ಹೇಳುವವರು ತಾಯಂದಿರು. ಒಬ್ಬ ತಾಯಿ ತನ್ನ ಮಗನ ರಕ್ತನಾಳಕ್ಕೆ ತಾನೇ ಸೂಜಿ ಹಾಕುವುದನ್ನು ಶಿಬಿರದಲ್ಲಿ ಕಲಿತರೆ, ಮುಂದಿನ ಶಿಬಿರಕ್ಕೆ ಬಂದ ಹೊಸ ತಾಯಿಗೆ ಧೈರ್ಯ ಹೇಳುವವಳು ಅವಳೇ.

ತಾಯಂದಿರ ಮಾತು ಬಂದಾಗ ಇನ್ನೊಂದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ನಾಡಿನ ಎಷ್ಟೋ ಮನೆಗಳು ಇದೇ ವಿಷಯಕ್ಕೆ ಒಡೆದಿವೆ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಒಂದೇ ಎಕ್ಸ್, ಅದು ತಾಯಿಯಿಂದ ಬರುತ್ತದೆ. ಹೆಣ್ಣಿಗೆ ಎರಡು; ಒಂದರಲ್ಲಿ ದೋಷವಿದ್ದರೆ ಆಕೆ ವಾಹಕಿ. ಅವಳ ಪ್ರತಿಯೊಬ್ಬ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದನ್ನೇ ಹಿಡಿದು ‘ನಿನ್ನ ರಕ್ತದಿಂದ ಬಂತು’ ಎಂದು ಸೊಸೆಯನ್ನು ತವರಿಗೆ ಅಟ್ಟುವವರಿದ್ದಾರೆ. ಯಾರೂ ಬೇಕೆಂದು ಪಡೆಯದ, ಬೇಡವೆಂದು ತಡೆಯಲಾಗದ ಒಂದು ಜೀನಿಗೆ ಒಬ್ಬ ಹೆಣ್ಣನ್ನು ಹೊಣೆ ಮಾಡುವುದು ಅನ್ಯಾಯ. ಅದೂ ಅಲ್ಲದೆ, ಸುಮಾರು ಮೂರರಲ್ಲಿ ಒಂದರಷ್ಟು ಪ್ರಕರಣಗಳಲ್ಲಿ ಮನೆತನದಲ್ಲಿ ಯಾರಿಗೂ ಈ ರೋಗವಿದ್ದ ದಾಖಲೆ ಇರುವುದಿಲ್ಲ. ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆಯಿಂದಲೂ ಬರುತ್ತದೆ.

ಸೋದರ ಸಂಬಂಧದ ಮದುವೆಯೇ ಇದಕ್ಕೆ ಕಾರಣ ಎಂಬ ನಂಬಿಕೆಯೂ ಇದೆ. ಗಂಡುಮಗುವಿಗೆ ಹಿಮೋಫಿಲಿಯಾ ಬರಲು ತಂದೆ-ತಾಯಿ ರಕ್ತಸಂಬಂಧಿಗಳಾಗಿರಬೇಕಿಲ್ಲ. ಆದರೆ ಒಂದು ಸಂದರ್ಭವನ್ನು ನಮ್ಮ ಕಡೆಯವರು ಗಮನಿಸಲೇಬೇಕು. ಹಿಮೋಫಿಲಿಯಾ ಇರುವ ಗಂಡಸಿನ ಅಕ್ಕ ವಾಹಕಿಯಾಗಿರಬಹುದು. ಆಕೆಯ ಮಗಳೂ ವಾಹಕಿಯಾಗಿರಬಹುದು. ರೂಢಿಯಂತೆ ಅಕ್ಕನ ಮಗಳನ್ನೇ ತಂದುಕೊಂಡರೆ, ಆ ಹುಡುಗಿ ವಾಹಕಿಯಾಗಿದ್ದ ಪಕ್ಷದಲ್ಲಿ, ಹುಟ್ಟುವ ಹೆಣ್ಣುಮಕ್ಕಳಿಗೂ ಎರಡೂ ಎಕ್ಸ್‌ನಲ್ಲಿ ದೋಷ ಬಂದು ಹಿಮೋಫಿಲಿಯಾ ಆಗಬಹುದು. ಹೆಣ್ಣಿಗೆ ಈ ರೋಗ ಬರುವುದೇ ಇಲ್ಲವೆಂದು ವೈದ್ಯರೂ ಅಂದುಕೊಂಡಿದ್ದರೆ, ಮೈನೆರೆದ ಮೇಲೆ ಆ ಹುಡುಗಿಯ ಪಾಡು ಹೇಳತೀರದು. ವಾಹಕಿಯರಲ್ಲೇ ಕೆಲವರಿಗೆ ಫ್ಯಾಕ್ಟರ್ ಕಡಿಮೆಯಿದ್ದು ಮುಟ್ಟಿನಲ್ಲಿ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗುವುದುಂಟು. ಹಿಮೋಫಿಲಿಯಾ ಇರುವ ತಂದೆಯ ಹೆಣ್ಣುಮಕ್ಕಳೆಲ್ಲರೂ ವಾಹಕಿಯರೇ. ಗಂಡುಮಕ್ಕಳಿಗೆ ತಂದೆಯಿಂದ ಬರುವುದಿಲ್ಲ. ಮದುವೆಗೆ ಮುಂಚೆ ಇದನ್ನು ಕೂತು ಮಾತಾಡುವ ಆಪ್ತ ಸಲಹೆಯ ಕೆಲಸ, ಬಸುರಿನ ಆರಂಭದಲ್ಲೇ ಪರೀಕ್ಷೆ ಮಾಡಿಸಬಹುದೆಂದು ತಿಳಿಸುವ ಕೆಲಸ ಸಂಘಗಳು ಮಾಡಬೇಕಾದ ಮೊದಲ ಕೆಲಸಗಳಲ್ಲಿ ಒಂದು.

ಸರ್ಕಾರದ ಬಾಗಿಲಲ್ಲಿ ಸಂಘಗಳು ಸಾಧಿಸಿದ್ದೂ ಸಣ್ಣದಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಹಿಮೋಫಿಲಿಯಾಗೆ ಜಾಗವಿರಲಿಲ್ಲ. ಮಂಡಿ ಪೂರ್ತಿ ಹಾಳಾದ ಮೇಲೆ ಮಾತ್ರ ಅಂಗವಿಕಲ ಎನಿಸಿಕೊಳ್ಳಬಹುದಿತ್ತು. 2016ರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿದಾಗ, ರಕ್ತದ ತೊಂದರೆಗಳಾಗಿ ಥಲಸ್ಸೀಮಿಯಾ, ಸಿಕಲ್ ಸೆಲ್ ಜೊತೆಗೆ ಹಿಮೋಫಿಲಿಯಾವೂ ಸೇರಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ರೋಗಿಗಳ ಸಂಘಗಳು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದ್ದರ ಫಲ ಅದು. ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಸಿಗುವ ವ್ಯವಸ್ಥೆಯೂ ಹೀಗೇ ಬಂದದ್ದು. ಆದರೆ ದಾಸ್ತಾನು ಮುಗಿದಿದೆ, ಮುಂದಿನ ವಾರ ಬನ್ನಿ ಎಂಬ ಉತ್ತರ ಈ ರೋಗಿಗಳಿಗೆ ಕೊಡುವಂಥದ್ದಲ್ಲ. ಒಂದು ವಾರದಲ್ಲಿ ಒಂದು ಕೀಲು ಹೋಗುತ್ತದೆ.

ಚಿಕಿತ್ಸೆ ಮಾತ್ರ ಈಗ ಹಿಂದೆಂದೂ ಕಾಣದ ಎತ್ತರದಲ್ಲಿದೆ. ಸೋರಿದ ಮೇಲೆ ಕೊಡುವುದಕ್ಕಿಂತ ಸೋರದಂತೆ ಮುಂಚಿತವಾಗಿ ಕೊಡುವುದೇ ಸರಿಯೆಂದು ವಿಶ್ವ ಒಕ್ಕೂಟದ 2020ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಸಿದ್ಧಪಡಿಸಿದ ತಂಡದ ಮುಂದಾಳು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ಡಾ. ಅಲೋಕ್ ಶ್ರೀವಾಸ್ತವ. ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಎಂಬ ಔಷಧಿ ಎ ಬಗೆಯವರಿಗೆ ವಾರಕ್ಕೊಮ್ಮೆ, ಕೆಲವರಿಗೆ ತಿಂಗಳಿಗೊಮ್ಮೆ ಸಾಕು. ಅದೇ ವೆಲ್ಲೂರಿನಲ್ಲಿ ಐವರು ರೋಗಿಗಳಿಗೆ ನೀಡಿದ ಜೀನ್ ಚಿಕಿತ್ಸೆಯ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಗಿದ್ದು, ಆ ಚಿಕಿತ್ಸೆಯ ನಂತರ ಐವರಲ್ಲೂ ರಕ್ತಸ್ರಾವ ನಿಂತಿದೆ.

ಇಷ್ಟೆಲ್ಲ ಇದ್ದೂ ಲೆಕ್ಕ ನೋಡಿದರೆ ಎದೆ ಭಾರವಾಗುತ್ತದೆ. ನಮ್ಮ ದೇಶದ ಜನಸಂಖ್ಯೆಗೆ ಹಿಮೋಫಿಲಿಯಾ ಇರುವವರು ಒಂದು ಲಕ್ಷಕ್ಕೂ ಮೇಲಿರಬೇಕು. ನೋಂದಣಿಯಾಗಿರುವವರು ಅದರ ಸಣ್ಣ ಪಾಲು ಮಾತ್ರ. ಉಳಿದವರು ಎಲ್ಲಿದ್ದಾರೆ? ಕೆಲವರು ಹೆಸರಿಲ್ಲದ ರಕ್ತಸ್ರಾವದಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಾರೆ. ಕೆಲವರು ಕುಂಟುತ್ತಾ, ಮನೆಯ ಮೂಲೆಯಲ್ಲಿ, ವಾತವೆಂದೋ ದೇವರ ಕಾಟವೆಂದೋ ನಂಬಿಕೊಂಡು ಬದುಕಿದ್ದಾರೆ. ಫ್ಯಾಕ್ಟರ್ ಜಿಲ್ಲಾ ಆಸ್ಪತ್ರೆಯ ಫ್ರಿಜ್ಜಿನವರೆಗೆ ಬಂದಿದೆ. ಅದು ಯಾರಿಗೆ ಬೇಕೋ ಅವರಿಗೆ ತಮಗೆ ಬೇಕೆಂಬುದೇ ತಿಳಿದಿಲ್ಲ. ಶ್ನಾಬೆಲ್ 1953ರಲ್ಲಿ ಶುರುಮಾಡಿದ ಕೆಲಸ, ರೋಗಿಯನ್ನು ರೋಗಿ ಹುಡುಕಿಕೊಂಡು ಹೋಗುವ ಕೆಲಸ, ನಮ್ಮಲ್ಲಿ ಇನ್ನೂ ಅರ್ಧಕ್ಕೂ ಬಂದಿಲ್ಲ.

ಆದ್ದರಿಂದ ಈ ಸಂಚಿಕೆ ಓದುತ್ತಿರುವವರಲ್ಲಿ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿ, ನಿಮ್ಮ ಶಾಲೆಯಲ್ಲಿ, ನಿಮ್ಮ ನೆಂಟರಲ್ಲಿ, ಅಂಬೆಗಾಲಿಡುವಾಗಲೇ ಮೈಮೇಲೆ ನೀಲಿ ಕಲೆ ಏಳುತ್ತಿದ್ದ, ಹಲ್ಲು ಬಿದ್ದಾಗ ದಿನವಿಡೀ ರಕ್ತ ಒಸರಿದ, ಪೆಟ್ಟಿಲ್ಲದೆ ಮಂಡಿ ಊದಿಸಿಕೊಳ್ಳುವ ಗಂಡುಮಗುವಿದ್ದರೆ ಅದರ ತಾಯಿಯೊಂದಿಗೆ ಮಾತಾಡಿ. ಅವಳ ತಮ್ಮನಿಗೋ ಸೋದರಮಾವನಿಗೋ ಹೀಗೆ ಆಗುತ್ತಿತ್ತೇ ಎಂದು ಕೇಳಿ. ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಎಪಿಟಿಟಿ ಎಂಬ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ ವ್ಯತ್ಯಾಸ ಕಂಡರೆ ಫ್ಯಾಕ್ಟರ್ ಪರೀಕ್ಷೆ ಮಾಡಿಸಿ, ಹತ್ತಿರದ ಹಿಮೋಫಿಲಿಯಾ ಸೊಸೈಟಿಯಲ್ಲಿ ಹೆಸರು ಬರೆಸಿ.